ಕೂದಲೆಳೆಯಷ್ಟೂ ವಾಲದ ಬೇಲಿ

ಮೂಲೆಮನೆ ಚಿಕ್ಕಮ್ಮ ಕಿಟಕಿಯ ಹೊರಗೆ ನಿಂತು, ಒಳಗಿನ ಮೇಜಿನ ಮೇಲೆ ಧೂಳು ಕೂತಿದೆ ಅನ್ನಿಸಿ, ಪ್ರೀತಿಯಿಂದಲೇ ಒಮ್ಮೆ ‘ಫೂ’ ಎಂದು ಊದಿದ್ದು ಇಷ್ಟಕ್ಕೆಲ್ಲ ಕಾರಣ. ಅದು ಧೂಳಾಗಿರಲಿಲ್ಲ. ವಾಚಿನಣ್ಣ ಬಿಳಿ ಕಾಗದದ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ ಹನ್ನೊಂದು ಸ್ಕ್ರೂಗಳಾಗಿದ್ದವು. ಒಂದೊಂದೂ ಅರ್ಧ ಸಾಸಿವೆಕಾಳಿನಷ್ಟು. ಡಾಕ್ಟರಮ್ಮನ ತಂದೆಯ ಹಳೆಯ ಜೇಬುಗಡಿಯಾರದ ಹೊಟ್ಟೆಯಿಂದ ಅವನ್ನು ಬಿಚ್ಚಿ ತೆಗೆಯಲು ಎರಡು ದಿನ ಹಿಡಿದಿತ್ತು. ಹಾರಿಹೋಗಲು ಒಂದು ಉಸಿರು ಸಾಕಾಯಿತು.

ಗಂಡ ಹೆಂಡತಿ ಇಬ್ಬರೂ ಮಂಡಿಯೂರಿ ಅಯಸ್ಕಾಂತ ಹಿಡಿದು ಇಡೀ ಮಧ್ಯಾಹ್ನ ನೆಲ ಸವರಿದರು. ಹತ್ತು ಸಿಕ್ಕವು. ಹನ್ನೊಂದನೆಯದು ಸಂಜೆ ವಾಚಿನಣ್ಣನ ಚಪ್ಪಲಿಯ ತಳದಲ್ಲಿ ಚುಚ್ಚಿಕೊಂಡು ಸಿಕ್ಕಿತು. ಅದನ್ನು ಚಿಮಟದಲ್ಲಿ ಹಿಡಿದುಕೊಂಡೇ ಅವರು ಹೆಂಡತಿಗೆ ಹೇಳಿದರು.

“ನಾಳೆ ಬೇಲಿ ಹಾಕಿಸ್ತೀನಿ.”

ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಆ ಧ್ವನಿಯನ್ನು ಆಕೆ ಎರಡೇ ಸಲ ಕೇಳಿದ್ದರು. ಎರಡು ಸಲವೂ ಮೊಲಕ್ಕೆ ಮೂರೇ ಕಾಲು ಎಂದು ಆಕೆಯೇ ಒಪ್ಪಿಕೊಳ್ಳಬೇಕಾಗಿ ಬಂದಿತ್ತು. ಆದ್ದರಿಂದ ಈ ಸಲ ಅಯಸ್ಕಾಂತ ಎತ್ತಿಟ್ಟು ಅಡುಗೆಗೆ ಎದ್ದರು.

ಬೇಲಿ ಬೇಕಾಗಿದ್ದದ್ದು ಮನೆಯ ಹಿಂದೆ. ಎರಡು ಪಕ್ಕದಲ್ಲೂ ಅಕ್ಕಪಕ್ಕದವರ ಗೋಡೆಗಳಿದ್ದವು. ಹಿಂದೆ ಮಾತ್ರ ಬಟ್ಟಬಯಲು. ಒಳಓಣಿಯವರಿಗೆಲ್ಲ ಬಸ್ ಸ್ಟಾಪಿಗೆ ಹೋಗಲು ವಾಚಿನಣ್ಣನ ಹಿತ್ತಿಲೇ ಹತ್ತಿರದ ದಾರಿ. ಹೋಗುವವರು ಸುಮ್ಮನೆ ಹೋದಾರೆಯೇ? ಕಿಟಕಿಯಲ್ಲಿ ಬಗ್ಗಿ ಗಂಟೆ ಎಷ್ಟು ಎಂದು ಕೇಳಿ, ಬಿಸಿಲಿನ ಬಗ್ಗೆ ಒಂದು ಮಾತಾಡಿ, ನಿಂತುಹೋದ ಅಲಾರಾಂ ಗಡಿಯಾರವೊಂದನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈಯಬಹುದಿತ್ತು.

ಡಾಕ್ಟರಮ್ಮನ ತಂದೆಗೆ ಬರುವ ಭಾನುವಾರ ತೊಂಬತ್ತು ತುಂಬುತ್ತಿತ್ತು. ಆ ದಿನ ಗಡಿಯಾರ ಅವರ ಕಿವಿಯ ಬಳಿ ಟಿಕ್ ಟಿಕ್ ಎನ್ನಬೇಕು ಎಂಬುದು ಮಗಳ ಆಸೆ. ಇನ್ನು ಯಾರ ಕೈಲೂ ಆಗುವುದಿಲ್ಲ ಎಂದು ಮೂರು ಅಂಗಡಿಯವರು ವಾಪಸು ಕೊಟ್ಟದ್ದನ್ನು ವಾಚಿನಣ್ಣ ಮಾತು ಕೊಟ್ಟು ತೆಗೆದುಕೊಂಡಿದ್ದರು. ಕೂದಲಿನಂಥ ಸ್ಪ್ರಿಂಗೊಂದನ್ನು ಕೂರಿಸಬೇಕಿತ್ತು. ಅದಕ್ಕೆ ಎರಡು ದಿನದ ಮೌನ ಬೇಕಿತ್ತು. ಶನಿವಾರ, ಭಾನುವಾರ ಬೆಳಗ್ಗೆ, ಇಷ್ಟೇ ಉಳಿದದ್ದು. ಶುಕ್ರವಾರ ಬೇಲಿಗೆ.

ಶುಕ್ರವಾರ ಏಳು ಗಂಟೆಗೆ ಬೇಲಿ ಮೇಸ್ತ್ರಿ ಆರು ಕಬ್ಬಿಣದ ಕಂಬ, ಎರಡು ಸುರುಳಿ ತಂತಿಜಾಲರಿ, ಹಾರೆ, ಗುದ್ದಲಿ ಇಳಿಸಿದ. ಹಿಂದಿನ ಗಡಿಯುದ್ದಕ್ಕೂ ದಾರ ಎಳೆದು ಕಟ್ಟಿದ. ಮೊದಲನೇ ಕಂಬ ಗೋಡೆಯ ಮೂಲೆಯಲ್ಲಿ ಸಲೀಸಾಗಿ ನಿಂತಿತು. ಎರಡನೆಯದಕ್ಕೆ ಹಾರೆ ಹಾಕಿದರೆ ಠಣ್ ಎಂದಿತು. ಒಂದು ಮಾರು ಆಚೆ ಹಾಕಿದರೂ ಠಣ್. ಹಿತ್ತಿಲ ನಡುವೆ ಎಮ್ಮೆ ಮಲಗಿದಂತೆ ಒಂದು ಬಂಡೆ ಮೇಲೆದ್ದಿತ್ತು. ಕಣ್ಣಿಗೆ ಕಾಣುತ್ತಿದ್ದದ್ದು ಅದರ ಬೆನ್ನು ಮಾತ್ರ, ಉಳಿದ ಮೈಯೆಲ್ಲ ದಾರದ ಕೆಳಗೇ ಚಾಚಿಕೊಂಡಿದೆ ಎಂದು ಆಗ ಗೊತ್ತಾಯಿತು.

ಮೇಸ್ತ್ರಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ. ಕೊರೆದರೆ ಕೊರೆಯಬಹುದು, ಆದರೆ ಕೊರೆಯೋದು ಕಷ್ಟ. ಕಷ್ಟ ಅಂದರೆ ಆಗೋದಿಲ್ಲ ಅಂತಲ್ಲ, ಆದರೆ ಆಗುತ್ತೆ ಅಂತಲೂ ಅಲ್ಲ. ವಾಚಿನಣ್ಣ ಅಂಗಿಯ ತೋಳು ಮಡಚಿ ಹಾರೆ ಕೈಗೆ ತೆಗೆದುಕೊಂಡರು. ಚಿಮಟಕ್ಕಿಂತ ಭಾರದ್ದನ್ನು ಅವರು ಎತ್ತಿ ಹತ್ತು ವರ್ಷವಾಗಿತ್ತು. ಒಂದು ಗಂಟೆ ಕುಟ್ಟಿದರು. ಬಂಡೆಯಲ್ಲಿ ಎರಡು ಹನಿ ನೀರು ನಿಲ್ಲುವಷ್ಟು ಗುಳಿ ಬಿತ್ತು.

ಆಮೇಲೆ ಡ್ರಿಲ್ಲಿಂಗ್ ಮೆಷಿನ್ ಬಂತು. ಅಡುಗೆಮನೆಯ ಪ್ಲಗ್ಗಿನಿಂದ ವೈರು ಎಳೆದು ಹಚ್ಚಿದ್ದೇ ತಡ, ಕೊರೆಯುವ ಮೊಳೆ ಮುರಿಯಿತು. ಎರಡನೇ ಮೊಳೆ ಹಾಕಿ ಮೇಸ್ತ್ರಿ ಮೈಭಾರವನ್ನೆಲ್ಲ ಬಿಟ್ಟು ಒತ್ತಿದಾಗ ಫಟ್ ಎಂದು ಓಣಿಯ ಕರೆಂಟೇ ಹೋಯಿತು. ಅದುವರೆಗೂ ಒಳಗೆ ಟಿವಿ ನೋಡುತ್ತ ಕೂತಿದ್ದವರೆಲ್ಲ ಎದ್ದು ಹಿತ್ತಿಲಿಗೆ ಬಂದರು.

ಎಲ್ಲರಿಗಿಂತ ಮುಂದೆ ಬಂದವರು ಕಂಡಕ್ಟರ್ ಮಾವ. ಬಸ್ಸಿನಿಂದ ನಿವೃತ್ತರಾಗಿ ನಾಲ್ಕು ವರ್ಷವಾದರೂ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ. ಹಿಂದೆಯೇ ಮೂಲೆಮನೆ ಚಿಕ್ಕಮ್ಮ. ಈ ಬೇಲಿ ತಮ್ಮ ಉಸಿರಿನಿಂದ ಹುಟ್ಟಿದ್ದು ಎಂದು ಆಕೆಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಹೋಗುವ ನಾಯಿಗಳ ಕಾಟಕ್ಕೆ ಹಾಕಿಸುತ್ತಿದ್ದಾರೆ ಎಂದುಕೊಂಡು ಮನಸಾರೆ ಹೊಗಳಿದರು. ಬಂಡೆಯ ಮೇಲೆ ಬೆಂಕಿ ಹಾಕಿ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ ಎಂದು ಸಲಹೆಯನ್ನೂ ಕೊಟ್ಟರು. ಬೆಂಕಿ ಹಾಕಿದ್ದಾಯಿತು, ನೀರು ಸುರಿದದ್ದಾಯಿತು. ಒಣಹಾಕಿದ್ದ ಬಟ್ಟೆಗೆಲ್ಲ ಹೊಗೆ ಹಿಡಿಯಿತು. ಬಂಡೆಗೆ ಸ್ನಾನವಾಯಿತು.

ಆಗ ಕಂಡಕ್ಟರ್ ಮಾವ ದಾರದ ಆಚೆ ಈಚೆ ಓಡಾಡಿ, ಹಾರೆಯ ತುದಿಯಿಂದ ಅಲ್ಲಲ್ಲಿ ಕುಟ್ಟಿ ನೋಡಿದರು. ಒಂದು ಕಡೆ ಠಣ್ ಅನ್ನಲಿಲ್ಲ, ದಬ್ ಎಂದಿತು.

“ಒಂದಡಿ ಒಳಗೆ ಬನ್ನಿ,” ಎಂದರು. “ಒಳಗೆ ಜಾಗ ಇದೆ.”

ಮೂವತ್ತೈದು ವರ್ಷ ದಿನಕ್ಕೆ ನೂರು ಸಲ ಹೇಳಿದ ಮಾತು. ಆ ಅಧಿಕಾರದ ಎದುರು ಯಾರು ತಾನೇ ನಿಲ್ಲುತ್ತಾರೆ? ಒಂದಡಿ ತಾನೇ ಎಂದು ವಾಚಿನಣ್ಣ ಒಪ್ಪಿದರು. ಆ ಜಾಗದಲ್ಲಿ ನಿಜಕ್ಕೂ ಮಣ್ಣಿತ್ತು. ಗುಂಡಿ ತೋಡಿ, ಕಂಬ ಇಳಿಸಿ, ಜಲ್ಲಿಯ ಜತೆ ಬೇಗ ಗಟ್ಟಿಯಾಗುವ ಸಿಮೆಂಟು ಸುರಿದರು. ವಾಚಿನಣ್ಣ ಕಣ್ಣಿಗೆ ತಮ್ಮ ಕೆಲಸದ ಭೂತಗನ್ನಡಿ ಸಿಕ್ಕಿಸಿಕೊಂಡು, ತೂಗುಗುಂಡು ಹಿಡಿದು ನೋಡಿದರು. ಕಂಬ ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು. ಸರಿಪಡಿಸದೆ ಮುಂದೆ ಹೋಗಗೊಡಲಿಲ್ಲ.

ಮೂರನೇ ಕಂಬಕ್ಕೆ ಇನ್ನೂ ಮೂರಡಿ ಒಳಗೆ ಬರಬೇಕಾಯಿತು. ನಾಲ್ಕನೆಯದು, ಐದನೆಯದು ಬಂಡೆಯ ಬೆನ್ನನ್ನೇ ಬಳಸಿಕೊಂಡು ಇನ್ನೂ ಒಳಗೆ ಬಂದವು, ಆರನೆಯದು ಆಚೆ ಪಕ್ಕದ ಗೋಡೆಗೆ ತಾಗಿ ನಿಂತಿತು. ಪ್ರತಿ ಸಲವೂ ಕಂಡಕ್ಟರ್ ಮಾವ ಸೀಟಿ ಊದಿ ಒಳಗೆ ಕರೆದರು, ಪ್ರತಿ ಸಲವೂ ಮಣ್ಣು ಸಿಕ್ಕಿತು, ಪ್ರತಿ ಸಲವೂ ವಾಚಿನಣ್ಣ ಕಂಬಕ್ಕೆ ಕಣ್ಣು ಅಂಟಿಸಿ ಕೂದಲೆಳೆ ಹುಡುಕಿದರು. ಅವರ ಸ್ವಭಾವವೇ ಹಾಗೆ. ಸಾಸಿವೆಯ ಮೇಲಿನ ಗೀರು ಕಾಣುತ್ತದೆ, ಎಮ್ಮೆ ಕಾಣುವುದಿಲ್ಲ.

ಕಂಡದ್ದು ಹೆಂಡತಿಗೆ. ಕಿಟಕಿಯಿಂದ ಟೀ ಕೊಡಲು ಬಗ್ಗಿದವರು ಒಂದು ಕ್ಷಣ ನಿಂತು ನೋಡಿದರು.

“ರೀ, ಬೇಲಿ ಮನೆ ಕಡೆಗೇ ನಡ್ಕೊಂಡು ಬರ್ತಾ ಇದೆ.”

“ನೇರವಾಗಿ ನಿಂತಿದೆಯೋ ಇಲ್ವೋ, ಅಷ್ಟು ಹೇಳು.”

“ನೇರವಾಗೇನೋ ನಿಂತಿದೆ.”

“ಹಾಗಾದ್ರೆ ಸರಿ.”

ಆಕೆ ಇನ್ನೇನೋ ಹೇಳಹೊರಟವರು, ಎರಡು ಸಲದ ಅನುಭವ ನೆನಪಾಗಿ, ಲೋಟ ಕೊಟ್ಟು ಒಳಗೆ ಹೋದರು.

ಮಧ್ಯಾಹ್ನ ಮೂರಕ್ಕೆ ಜಾಲರಿ ಎಳೆಯುವ ಕೆಲಸ. ಸುರುಳಿ ಸುತ್ತಿದ ತಂತಿಜಾಲರಿಗೆ ಮತ್ತೆ ಸುರುಳಿಯಾಗುವುದೇ ಬಯಕೆ. ಒಂದು ತುದಿಯನ್ನು ಮೊದಲ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಓಣಿಯವರೆಲ್ಲ ಹಗ್ಗಜಗ್ಗಾಟದಂತೆ ಜಗ್ಗಿದರು. ಕಂಡಕ್ಟರ್ ಮಾವ ಮುಂದೆ ನಿಂತು ಸೀಟಿ ಹೊಡೆಯುತ್ತಿದ್ದರು. ಎರಡು ಸೀಟಿ ಅಂದರೆ ಬಸ್ಸಿನಲ್ಲಿ ‘ಹೊರಡಿ’, ಒಂದು ಅಂದರೆ ‘ನಿಲ್ಲಿಸಿ’. ಅವರು ಒಂದು ಹೊಡೆದರು. ಎಲ್ಲರೂ ಕೈಬಿಟ್ಟರು. ಜಾಲರಿ ಸರ್ರೆಂದು ಹಿಂದಕ್ಕೆ ಸುತ್ತಿಕೊಳ್ಳುತ್ತ ದಾರಿಯಲ್ಲಿದ್ದ ಕಂಡಕ್ಟರ್ ಮಾವನನ್ನೂ ಸುತ್ತಿಕೊಂಡಿತು. ಒಳಗಿನಿಂದ ಸೀಟಿ ಮಾತ್ರ ಕೇಳಿಸುತ್ತಿತ್ತು.

ಕತ್ತರಿಸಿ ತೆಗೆಯೋಣ ಎಂದ ಮೇಸ್ತ್ರಿ. ವಾಚಿನಣ್ಣ ಬಿಡಲಿಲ್ಲ. ಜಾಲರಿಯ ಹೆಣಿಗೆಯನ್ನು ಹತ್ತಿರದಿಂದ ನೋಡಿ, ಸಣ್ಣ ಇಕ್ಕಳ ತಂದು, ಒಂದೇ ಒಂದು ತಂತಿಯ ತುದಿ ಬಿಡಿಸಿ ತಿರುಗಿಸುತ್ತ ಹೋದರು. ಆ ತಂತಿ ಸ್ಕ್ರೂವಿನಂತೆ ಸುತ್ತುತ್ತ ಮೇಲೆ ಬಂದು ಕೈಗೆ ಬಿತ್ತು; ಜಾಲರಿ ಎರಡು ಹೋಳಾಗಿ ಮಾವ ಹೊರಬಂದರು. ಅದೇ ತಂತಿಯನ್ನು ಮತ್ತೆ ಸುತ್ತಿ ತೂರಿಸಿದಾಗ ಜಾಲರಿ ಒಂದಾಯಿತು. ಜನ ಚಪ್ಪಾಳೆ ತಟ್ಟಿದರು. ಇಡೀ ದಿನದಲ್ಲಿ ವಾಚಿನಣ್ಣ ಮನಸ್ಸು ತುಂಬಿ ನಕ್ಕದ್ದು ಆಗಲೇ.

ಐದಕ್ಕೆ ಬೇಲಿ ಮುಗಿಯಿತು. ಇಷ್ಟೆಲ್ಲ ಜಗ್ಗಿದವರು ಹಿತ್ತಿಲ ದಾರಿ ಮುಚ್ಚಿದ್ದನ್ನು ಆಗ ಗಮನಿಸಿದರು. ಯಾರೂ ಬೇಸರಪಡಲಿಲ್ಲ. ಸುತ್ತು ಹಾಕಿಕೊಂಡು ಹೋದರೆ ಕಾಲಿಗೂ ಒಳ್ಳೆಯದು ಎಂದು ಹೇಳಿ ಹೊರಟರು. ವಾಚಿನಣ್ಣನಿಗೆ ಒಂದು ಗಳಿಗೆ ಪಶ್ಚಾತ್ತಾಪವೇ ಆಯಿತು. ಆದರೆ ಹಟ ಹಟವೇ.

ಕೈಕಾಲು ತೊಳೆದು ಮೇಜಿನ ಮುಂದೆ ಕೂತರು. ಭೂತಗನ್ನಡಿ ಕಣ್ಣಿಗೇರಿತು. ಹೊರಗೆ ಒಂದು ಸದ್ದಿಲ್ಲ. ಅವರಿಗೆ ಅಳು ಬರುವಷ್ಟು ಸಂತೋಷವಾಯಿತು. ನಾಳೆಯವರೆಗೆ ಕಾಯುವುದೇಕೆ ಎಂದು ಜೇಬುಗಡಿಯಾರ ತೆರೆದು, ಕೂದಲಿನಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿದರು. ಬೆಳಗ್ಗೆಯಿಂದ ಹಾರೆ ಹಿಡಿದ ಕೈ. ಚಿಮಟದ ತುದಿ ಗಡಗಡ ನಡುಗಿತು.

“ಕೈ ನಡುಗ್ತಾ ಇದೆಯಲ್ಲಪ್ಪಾ,” ಎಂದಿತು ಒಂದು ಧ್ವನಿ, ಕಿವಿಯ ಪಕ್ಕದಲ್ಲೇ.

ಸ್ಪ್ರಿಂಗನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುವಷ್ಟು ಜ್ಞಾನ ಅವರಿಗೆ ಉಳಿದಿತ್ತು. ಭೂತಗನ್ನಡಿ ತೆಗೆದು ನೋಡಿದರು. ಕಿಟಕಿಯಿಂದ ನಾಲ್ಕೇ ಅಡಿ ದೂರದಲ್ಲಿ ಬೇಲಿ. ಬೇಲಿಗೆ ತಾಗಿದಂತೆ, ಆಚೆ, ಬಂಡೆ. ಬಂಡೆಯ ಮೇಲೆ, ಕಿಟಕಿಯ ಕಡೆಗೆ ಕತ್ತು ತಿರುಗಿಸಿಕೊಂಡು, ಮೂಲೆಮನೆ ಚಿಕ್ಕಮ್ಮ, ಪಕ್ಕದಲ್ಲಿ ಕಂಡಕ್ಟರ್ ಮಾವ, ಬಸ್ಸಿಳಿದು ಸುತ್ತು ಹಾಕಿಕೊಂಡು ಸುಸ್ತಾಗಿ ಬಂದ ಐದಾರು ಜನ, ಎಲ್ಲರೂ ಬೇಲಿಗೆ ಬೆನ್ನು ಆನಿಸಿ ಆರಾಮವಾಗಿ ಕೂತಿದ್ದರು. ಇಡೀ ದಿನದಲ್ಲಿ ಮೊದಲ ಬಾರಿಗೆ ವಾಚಿನಣ್ಣ ಬೇಲಿಯನ್ನು ಪೂರ್ತಿಯಾಗಿ ನೋಡಿದರು. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಎಲ್ಲರೂ ಕೇಳಿದ್ದಾರೆ. ಇವರ ಬೇಲಿ ಮೇಯುವ ಗೋಜಿಗೂ ಹೋಗದೆ ಅರ್ಧ ಹಿತ್ತಿಲನ್ನು ಓಣಿಗೆ ದಾನ ಮಾಡಿತ್ತು.

“ಅದು ನಮ್ಮ ಬಂಡೆ,” ಎಂದರು.

“ಗೊತ್ತಪ್ಪಾ. ಇಷ್ಟು ವರ್ಷ ದಾಟ್ಕೊಂಡು ಹೋದ್ವೇ ಹೊರತು ಒಬ್ಬರಾದ್ರೂ ಅದರ ಮೇಲೆ ಕೂತಿದ್ವಾ?” ಎಂದರು ಚಿಕ್ಕಮ್ಮ. “ಇನ್ನೊಬ್ಬರ ಹಿತ್ತಿಲಲ್ಲಿ ಕೂರೋದು ಮರ್ಯಾದೆ ಅಲ್ಲ. ಈಗ ನೀವೇ ಬೇಲಿ ಆಚೆ ಬಿಟ್ಟುಕೊಟ್ರಿ. ಅಷ್ಟು ದೊಡ್ಡ ಮನಸ್ಸು ಯಾರಿಗಿರುತ್ತೆ?”

ಆಕೆಯ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ವಾಚಿನಣ್ಣ ಎದ್ದರು. ಇದನ್ನು ಕಿಟಕಿಯಿಂದ ಹೇಳಿದರೆ ಆಗುವುದಿಲ್ಲ, ಎದುರು ನಿಂತೇ ಹೇಳಬೇಕು. ಇವತ್ತೇ, ಈಗಲೇ ಎಲ್ಲರನ್ನೂ ಎಬ್ಬಿಸಿ ಕಳಿಸಬೇಕು ಎಂದು ಮುಂಬಾಗಿಲಿಂದ ಹೊರಟರು. ಹಿಂದೆ ಗೇಟು ಇಟ್ಟಿರಲಿಲ್ಲ. ಯಾರೂ ಬರಬಾರದು ಎಂದು ತಾವೇ ಬೇಡ ಎಂದಿದ್ದರು. ದೊಡ್ಡ ರಸ್ತೆ ಹಿಡಿದು, ಗಿರಣಿ ಬಳಸಿ, ಒಳಓಣಿಯ ಕಲ್ಲುಹಾದಿ ಹತ್ತಿ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಬಾಯಿ ತೆರೆದರೆ ಬೈಗುಳದ ಬದಲು ಏದುಸಿರು ಬಂತು.

ಕಂಡಕ್ಟರ್ ಮಾವ ಒಂದು ಸೀಟಿ ಊದಿ, ಎಲ್ಲರನ್ನೂ ಒತ್ತರಿಸಿ ಕೂರಿಸಿ ಜಾಗ ಮಾಡಿದರು. ವಾಚಿನಣ್ಣ ಬೇಡ ಎಂದು ಹೇಳಬೇಕೆಂದುಕೊಳ್ಳುತ್ತಲೇ ಕೂತುಬಿಟ್ಟರು. ಬಂಡೆ ಇನ್ನೂ ಬೆಚ್ಚಗಿತ್ತು. ಉಸಿರು ಸರಿಹೋದ ಮೇಲೆ, ಭಾನುವಾರದ ವಿಷಯ, ಡಾಕ್ಟರಮ್ಮನಿಗೆ ಕೊಟ್ಟ ಮಾತು, ಎರಡು ದಿನದ ಮೌನ ಎಲ್ಲವನ್ನೂ ಬಿಡಿಸಿ ಹೇಳಿದರು. ಎಲ್ಲರೂ ತಲೆಯಾಡಿಸುತ್ತ ಗಂಭೀರವಾಗಿ ಕೇಳಿದರು. ಕಂಡಕ್ಟರ್ ಮಾವ ಅವರ ಭುಜದ ಮೇಲೆ ಕೈಯಿಟ್ಟರು.

“ನೀವೇನೂ ಯೋಚನೆ ಮಾಡ್ಬೇಡಿ. ನಾಳೆ ಬೆಳಗ್ಗೆ ಆರಕ್ಕೇ ನಾವೆಲ್ಲ ಇಲ್ಲಿ ಬಂದು ಕೂರ್ತೀವಿ. ನಿಮಗೆ ಯಾರೂ ತೊಂದರೆ ಕೊಡದ ಹಾಗೆ ನೋಡ್ಕೊಳ್ತೀವಿ.”