ಅಥೆನ್ಸಿನಿಂದ ರೋಮಿಗೆ ಒಂದು ಹಿಡಿ ಹತ್ತಿ

ಬದುಕಿಡೀ ಮಕ್ಕಳಿಗೆ ಭೂಗೋಳ ಪಾಠ ಮಾಡಿ ನಿವೃತ್ತನಾದ ನನಗೆ ಅಥೆನ್ಸಿನಿಂದ ರೋಮಿಗೆ ಎಷ್ಟು ಹೊತ್ತಿನ ಪ್ರಯಾಣವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಂದು ನಾನು ನಂಬಿದ್ದೆ. ದೂರ ಸಾವಿರ ಕಿಲೋಮೀಟರಿಗೆ ಕೊಂಚ ಜಾಸ್ತಿ. ಟಿಕೆಟ್ಟಿನಲ್ಲಿ ಸ್ಪಷ್ಟವಾಗಿತ್ತು: ಹತ್ತಕ್ಕೆ ಹೊರಟು ಹನ್ನೊಂದಕ್ಕೆ ತಲುಪುವುದು.

"ರೀ, ನಮ್ಮ ಬೆಂಗಳೂರಿಂದ ಮುಂಬೈಗೇ ಒಂದೂಮುಕ್ಕಾಲು ಗಂಟೆ ಬೇಕಲ್ರೀ?" ಎಂದಳು ಹೆಂಡತಿ ಶಾರದೆ, ಜಯನಗರದ ಮನೆಯಲ್ಲಿ ಸೂಟ್‌ಕೇಸ್ ತುಂಬುತ್ತಾ.

"ಅದು ಯೂರೋಪು ಕಣೇ! ಅಲ್ಲಿ ಟ್ರಾಫಿಕ್ಕೇ ಇರಲ್ಲ!"

ಪ್ರವಾಸಕ್ಕೆ ಬನಶಂಕರಿಯ ನಮ್ಮ ಅತ್ತೆಯೂ ಬಂದಿದ್ದರು. ಅವರಿಗೆ ವಿಮಾನವೆಂದರೆ ಜೀವಭಯ. ಲಕ್ಷಬತ್ತಿಯ ಹರಕೆ ಹೊತ್ತಿದ್ದರಿಂದ, ಬೆಂಗಳೂರಿನಿಂದ ಅಥೆನ್ಸಿನವರೆಗೂ ಹತ್ತಿಯ ಚೀಲ ಮಡಿಲಲ್ಲಿಟ್ಟುಕೊಂಡು ಹೂಬತ್ತಿ ಹೊಸೆಯುತ್ತಲೇ ಧೈರ್ಯ ತಂದುಕೊಂಡಿದ್ದರು. ಬೆರಳು ಆಡುತ್ತಿದ್ದರೆ ಅವರಿಗೆ ಕೆಳಗಿನ ಸಮುದ್ರ ನೆನಪಾಗುವುದಿಲ್ಲ.

ಅಥೆನ್ಸಿನ ನಿಲ್ದಾಣದಲ್ಲಿ ಆ ಚೀಲವನ್ನು ನಾನು ಲಗೇಜಿಗೆ ಹಾಕಿಸಿ, ಅವರ ಕೈಗೆ ಒಂದೇ ಒಂದು ಹಿಡಿ ಹತ್ತಿ ದಯಪಾಲಿಸಿದೆ.

"ಇಷ್ಟು ಸಾಕಾಗತ್ತಾ ಅಳಿಯಂದ್ರೇ?"

"ಒಂದೇ ಗಂಟೆ ಅತ್ತೆ. ನಾನು ಹೇಳ್ತಿದೀನಲ್ಲ!"

"ನೀವು ಹೇಳಿದ್ಮೇಲೆ ಮುಗೀತು" ಎಂದು ಅವರು ನಂಬಿ ಹೊರಟರು.

ಹನ್ನೊಂದಾಯಿತು. ಹತ್ತಿ ಮುಗಿಯಿತು. ಸಮುದ್ರ ಮುಗಿಯಲಿಲ್ಲ! ಅತ್ತೆ ನನ್ನ ತೋಳು ಹಿಡಿದುಕೊಂಡರು. ಬೇರೆ ದಾರಿ ಕಾಣದೆ ವಿಮಾನದ ಸದ್ದಿಗೆಂದು ನನ್ನ ಕಿವಿಯಲ್ಲಿಟ್ಟುಕೊಂಡಿದ್ದ ಹತ್ತಿ ತೆಗೆದುಕೊಟ್ಟೆ.

"ಇದು ದೇವರಿಗಲ್ಲ, ನನ್ನ ಜೀವಕ್ಕೆ" ಎಂದು ಅದನ್ನೂ ಹೊಸೆದರು. ಆಮೇಲೆ ಶಾರದೆಯ ಕಿವಿಯದೂ ಖರ್ಚಾಯಿತು.

ಮತ್ತರ್ಧ ಗಂಟೆ ಕಳೆದಾಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ನಿಮ್ಮ ಪೈಲಟ್ ದಾರಿ ತಪ್ಪಿದ್ದಾನೆ ಎಂದು ಗಗನಸಖಿಗೆ ಇಂಗ್ಲಿಷಿನಲ್ಲಿ ಅಬ್ಬರಿಸಿದೆ. ಇಡೀ ವಿಮಾನ ತಿರುಗಿ ನೋಡಿತು. ಹಿಂದೊಂದು ಮಗು ಅಳತೊಡಗಿತು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು.

ಸ್ವಲ್ಪ ಹೊತ್ತಿಗೆ ಪೈಲಟ್ಟಿನ ದನಿ ಕೇಳಿಸಿತು. ನಾವು ಸರಿಯಾದ ಸಮಯಕ್ಕೆ ಇಳಿಯುತ್ತಿದ್ದೇವೆ, ರೋಮಿನ ಸಮಯ ಅಥೆನ್ಸಿಗಿಂತ ಒಂದು ಗಂಟೆ ಹಿಂದಿದೆ, ಗಡಿಯಾರ ತಿರುಗಿಸಿಕೊಳ್ಳಿ ಎಂದ. ಅಂದರೆ ಇದು ಎರಡು ಗಂಟೆಯ ಪ್ರಯಾಣ!

"ಗಡಿಯಾರ ಯಾಕೆ ಹಿಂದಕ್ಕೆ ತಿರುಗಿಸ್ಬೇಕು ಅಂತ ಮೊನ್ನೆ ಅಮ್ಮಂಗೆ ಕಿತ್ತಳೆಹಣ್ಣು ಹಿಡ್ಕೊಂಡು ಪಾಠ ಮಾಡಿದ್ರಲ್ಲ, ಅದು ನೀವೇ ಅಲ್ವಾ?" ಎಂದಳು ಶಾರದೆ ಮೆಲ್ಲಗೆ.

ನಾನೇ. ಯೂರೋಪಿಗೆಲ್ಲ ಒಂದೇ ಸಮಯವೆಂದು ತೀರ್ಮಾನಿಸಿದ್ದ ಮಹಾನುಭಾವನೂ ನಾನೇ. ಕೂಗಾಡಿ ಮಾನ ಕಳೆದುಕೊಂಡದ್ದು ಹಾಗಿರಲಿ, ನನ್ನ ಮಾತನ್ನೇ ನಂಬಿ ಬಂದ ಹಿರಿಯ ಜೀವ ಅಷ್ಟು ಹೊತ್ತು ಹೆದರಿಕೊಂಡು ಕೂತಿತ್ತಲ್ಲ ಎಂದು ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ತಪ್ಪಾಯ್ತು ಅತ್ತೆ" ಎಂದೆ, ಕೆಳಗಿಳಿದ ಮೇಲೆ.

"ಬಿಡಿ ಅಳಿಯಂದ್ರೇ, ಇಳಿದ್ವಲ್ಲ" ಎಂದರು. ದೊಡ್ಡ ಮನಸ್ಸು.

ಟ್ಯಾಕ್ಸಿಯಲ್ಲಿ ಕೂತು, ಹೋಟೆಲ್ ಇನ್ನು ಅರ್ಧ ಗಂಟೆ ದೂರ ಅಷ್ಟೇ ಎಂದು ನಾನು ಧೈರ್ಯ ಹೇಳಿದೆ. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿ, ಮಗಳ ಕಡೆ ತಿರುಗಿದರು.

"ಶಾರದಾ, ಆ ಹತ್ತಿ ಚೀಲ ಈಚೆಗೆ ತೆಗೆಯಮ್ಮಾ."

ನೆಲದ ಮೇಲಿನ ಪ್ರಯಾಣಕ್ಕೆ ಅವರು ಹತ್ತಿ ಕೇಳಿದ್ದು ಅದೇ ಮೊದಲು!