ಕೊಕ್ಕರೆಯ ಊಟದ ಜಾಗ

ಎಲ್ಲ ರಗಳೆಗೂ ಕಾರಣ ಮಾದಮ್ಮನ ಮೂರು ಎಮ್ಮೆಗಳು. ಬೆಳಗಾಗುತ್ತಲೇ ಅವು ಗೆಂಡೆಹಳ್ಳಿ ಪಕ್ಕದ ಕೆರೆಯಂಚಿಗೆ ಬಂದು, ಮದುವೆಮನೆಯ ಬೀಗರ ಹಾಗೆ ನಿರಾಳವಾಗಿ ಮೈಚೆಲ್ಲಿಬಿಟ್ಟವು.

ಆ ಅಂಚು ಈಗ ಕರಿಕತ್ತಿನ ಕೊಕ್ಕರೆಗೆ ಮೀಸಲು. ಅಳಿದುಹೋಗುತ್ತಿರುವ ಆ ಹಕ್ಕಿಗೆ ಮೇವು ಸಿಗಲೆಂದು ಉಗ್ರಪ್ಪ ಮೂರು ತಿಂಗಳು ಜೊಂಡು ಕಿತ್ತು, ಮೊಣಕಾಲುದ್ದ ನೀರು ನಿಲ್ಲಿಸಿ, ಮೀನುಮರಿ ಬಿಟ್ಟಿದ್ದ. ಇವತ್ತು ಹಕ್ಕಿ ಯೋಜನೆಯ ಹೇಮಾಶ್ರೀ ಮೇಡಂ ಬೇಲೂರಿನಿಂದ ಬರುವವರಿದ್ದರು. ಅಲ್ಲಿ ಕೊಕ್ಕರೆ ಮೇಯುವುದು ಕಂಡರೆ ಉಗ್ರಪ್ಪನ ಕಾವಲು ಕೆಲಸ ಕಾಯಂ. ಇಲ್ಲವಾದರೆ ಇವತ್ತಿಗೇ ಕೊನೆ.

"ಮಾದಕ್ಕ, ಎಬ್ಬಿಸು ನಿನ್ ಎಮ್ಮೆಗಳ್ನ! ಎರಡು ಕೊಕ್ಕರೆ ಆ ಅತ್ತಿಮರದ ಮ್ಯಾಲೆ ಕುಂತವೆ. ಇವುನ್ನ ಕಂಡು ಇಳೀತಿಲ್ಲ."

"ಎಬ್ಬಿಸ್ತೀನಿ ಕಣಪ್ಪ. ಎಲ್ಲಿಗೆ ಹೊಡ್ಕೊಂಡು ಹೋಗ್ಲಿ, ನಿಮ್ ಮೇಡಮ್ಮನ ಬಚ್ಚಲಿಗಾ?"

"ಏನ್ಲಾ ಉಗ್ರಪ್ಪ, ಟವೆಲ್ ಬೀಸ್ಲಾ!" ಏರಿಯ ಮೇಲೆ ಹಲ್ಲುಜ್ಜುತ್ತ ನಿಂತಿದ್ದ ಕೃಷ್ಣಪ್ಪ ಸಲಹೆ ಕೊಟ್ಟ.

ಉಗ್ರಪ್ಪ ಬೀಸಿದ. ಎಮ್ಮೆ ಕದಲಲಿಲ್ಲ, ಟವೆಲ್ಲೇ ಕೊಂಬಿಗೆ ಸಿಕ್ಕಿಕೊಂಡಿತು. ಎಳೆಯಲು ಹೋಗಿ ಕೆಸರಿಗೆ ಬಿದ್ದು ಎದ್ದಾಗ, ಮೂರಿದ್ದ ಎಮ್ಮೆ ನಾಲ್ಕಾದಂತೆ ಕಂಡಿತು.

ದೂರದಲ್ಲಿ ಜೀಪಿನ ಸದ್ದು!

"ಅಕ್ಕ, ಕೈ ಮುಗೀತೀನಿ! ಏರಿ ಕೆಳಗೆ ನನ್ ಗದ್ದೆ ಹದ ಮಾಡಿ ನೀರು ಕಟ್ಟಿವ್ನಿ. ಅಲ್ಲಿಗೆ ಬಿಡು."

"ನಾಟಿ?"

"ಮಧ್ಯಾಹ್ನ ಮಾಡ್ಕತ್ತೀನಿ, ಹೊಡಿ!"

ಮಾದಮ್ಮ ಒಂದು ಸಲ "ಹೋಯ್" ಎಂದಳು. ಮೂರೂ ಎದ್ದು ನಡೆದವು.

ಮೇಡಂ ಬಂದು ಕೆರೆಯಂಚಿನಲ್ಲಿ ದುರ್ಬೀನು ಹಿಡಿದು ಕೂತರು. ಕೃಷ್ಣಪ್ಪ ಕೂಡ ಹಲ್ಲುಜ್ಜುವುದನ್ನು ನಿಲ್ಲಿಸಿದ.

ಕೊಕ್ಕರೆಗಳು ರೆಕ್ಕೆ ಬಿಚ್ಚಿದವು. ಕೆರೆಯ ಮೇಲೆ ಬಂದವು. ಉಗ್ರಪ್ಪ ತುದಿಗಾಲಲ್ಲಿ ನಿಂತ. ಅವು ಕೆರೆಯನ್ನೂ ದಾಟಿ, ಏರಿಯಾಚೆ ಇಳಿದುಬಿಟ್ಟವು.

ಎಲ್ಲರೂ ಏರಿ ಹತ್ತಿ ಓಡಿದರು. ಕೆಳಗಿನ ಗದ್ದೆಯಲ್ಲಿ ಎಮ್ಮೆಗಳು ಕೆಸರು ಕಲಕಿದಂತೆಲ್ಲ ಏಡಿ, ಕಪ್ಪೆ ಮೇಲೇಳುತ್ತಿದ್ದವು. ಕೊಕ್ಕರೆಗಳು ಬೆನ್ನಹಿಂದೆಯೇ ನಡೆದು ಗುಳುಂ ಮಾಡುತ್ತಿದ್ದವು.

"ನೋಡ್ರೀ! ಎಮ್ಮೆ ಕಂಡ್ರೆ ಇವಕ್ಕೆ ಭಯಾನೇ ಇಲ್ಲ!" ಮೇಡಂ ಕಣ್ಣಲ್ಲಿ ನೀರಾಡಿತು.

"ನನ್ ಗದ್ದೆ ಮೇಡಂ! ನಂದೇ!" ಉಗ್ರಪ್ಪ ಕುಣಿದ.

"ನಿಮ್ಮದೇನಾ? ಹಾಗಾದ್ರೆ ಇನ್ಯಾರನ್ನೂ ಒಪ್ಪಿಸೋ ಕಷ್ಟ ಇಲ್ಲ. ಈ ಸಲ ಇಲ್ಲಿ ನಾಟಿ ಬೇಡ. ಕಾವಲಿಗೆ ಎಮ್ಮೆ ಇರೋ ಅಮ್ಮನೇ ಇರ್ಲಿ, ಅವರ ಕೆಲಸ ಕಾಯಂ!"

ಅಷ್ಟರಲ್ಲಿ ಉಗ್ರಪ್ಪನ ಹೆಂಡತಿ ಗಿಡ್ಡಮ್ಮ ಭತ್ತದ ಪೈರಿನ ಹೊರೆ ಹೊತ್ತು ಬಂದು ಗಂಡನನ್ನೂ ಗದ್ದೆಯನ್ನೂ ದಿಟ್ಟಿಸಿದಳು.

"ಇದನ್ನೀಗ ಎಲ್ಲಿ ನೆಡ್ಲಿ?"

ಹೊಸ ಕಾವಲುಗಾತಿ ಮಾದಮ್ಮ ಕೆರೆಯಂಚಿನತ್ತ ಕೈ ತೋರಿದಳು.

"ಅಲ್ಲಿ ನೆಡವ್ವ. ಮೂರು ತಿಂಗಳಿಂದ ನಿನ್ ಗಂಡ ಚೆನ್ನಾಗಿ ಕ್ಲೀನ್ ಮಾಡಿ ಮಡಗವ್ನೆ. ಹಕ್ಕಿ ಕಾಟಾನೂ ಇಲ್ಲ."