ಟೆಂಟಿನಲ್ಲಿ ಕಂಡ ಪಟ್ಟಣ

ಈ ದಿನ ಬಾವಿಯಿಂದ ಎಂಟು ಕೊಡ ನೀರು ಸೇದಿದೆ. ಕೊಟ್ಟಿಗೆ ಗುಡಿಸಿದೆ. ಅವರೆಕಾಯಿ ಸುಲಿದೆ, ಅರ್ಧ ಕಾಳು, ಅರ್ಧ ಹುಳ. ಅವ್ವನಿಗೆ ಎಲೆಯಡಿಕೆ ಕುಟ್ಟಿಕೊಟ್ಟೆ. ಹಾಲು ಉಕ್ಕಿಸಿ ಒಲೆ ಒರೆಸಿದೆ. ಮಧುಗಿರಿಯ ಸ್ಕೂಲು ಮೇಷ್ಟ್ರು ಮಾಡುವ ಕೆಲಸಗಳೇ ಇವು ಎಂದು ನೀವು ನಕ್ಕರೆ ಬೇಸರವಿಲ್ಲ. ಎಲ್ಲಕ್ಕೂ ಕಾರಣ ನನ್ನ ಬಾಯಿ.

ನಾನು ಶಿಸ್ತಿನ ಮನುಷ್ಯ. ಪಡಸಾಲೆಯಲ್ಲಿ ರೈಲುಕಂಬಿಯ ತುಂಡು ನೇತುಹಾಕಿ, ಏಳುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಗಂಟೆ ಬಾರಿಸುತ್ತಿದ್ದೆ. ಅಡುಗೆಮನೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದೆ. ಮಹಾರಾಜರ ಸರ್ಕಾರದಲ್ಲೂ ಇಷ್ಟು ನಿಯಮಗಳಿರಲಿಲ್ಲ. ವರ್ಷಕ್ಕೊಮ್ಮೆ ಶಿರಾದಿಂದ ಒಂದೇ ಥಾನು ನೀಲಿಪಟ್ಟೆ ಬಟ್ಟೆ ತಂದು ನನ್ನ ಅಂಗಿ, ಹೆಂಡತಿ ಗಂಗಮ್ಮನ ರವಿಕೆ, ಅವ್ವನ ಕುಪ್ಪಸ, ಕಿಟಕಿಯ ಪರದೆ ಎಲ್ಲವನ್ನೂ ಹೊಲಿಸುತ್ತಿದ್ದೆ. ಕಣ್ಣು ಮಂಜಾದ ನೆಂಟರೊಬ್ಬರು ಪರದೆಗೆ ನಮಸ್ಕಾರ ಮಾಡಿ, ನಾನು ಮಾತಾಡಲಿಲ್ಲವೆಂದು ಕೋಪಿಸಿಕೊಂಡಿದ್ದೂ ಉಂಟು.

ಹೀಗಿರುವಾಗ ಕೊಳಾಲದಲ್ಲಿದ್ದ ತನ್ನ ತಂಗಿಯ ಚೊಚ್ಚಲ ಹೆರಿಗೆಗೆ ಹೋಗಿಬರುತ್ತೇನೆಂದು ಗಂಗಮ್ಮ ಕೇಳಿದಳು. ಆ ಅಕ್ಕತಂಗಿಯರಿಗೆ ತಾಯಿಯಿಲ್ಲ. ನಾನು ಗೋಡೆಯ ವೇಳಾಪಟ್ಟಿ ನೋಡಿ, "ಪ್ರಯಾಣ ಇರುವುದು ಬೇಸಿಗೆ ರಜೆಯಲ್ಲಿ" ಎಂದೆ.

ಆ ಶನಿವಾರ ಬೆಟ್ಟದ ಬುಡದಲ್ಲಿ ಹಾಕಿದ್ದ ಸಿನಿಮಾ ಟೆಂಟಿನಲ್ಲಿ ಒಂದು ಚಿತ್ರ ನೋಡಿದೆ. ಮುಂದೆಂದೋ ಬರಲಿರುವ ಒಂದು ಪಟ್ಟಣದ ಕಥೆ. ಭಾನುವಾರ ಮಧ್ಯಾಹ್ನ ರಾಗಿ ಕೇರುತ್ತಿದ್ದ ಗಂಗಮ್ಮನಿಗೆ ಅದನ್ನು ಹೇಳತೊಡಗಿದೆ.

"ಎಂಥಾ ಪಟ್ಟಣ ಅಂತೀಯ! ಎಲ್ಲರಿಗೂ ಒಂದೇ ಬಟ್ಟೆ. ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು."

"ಅಯ್ಯೋ ಪಾಪ. ಗ್ವಾಡೆ ಮ್ಯಾಲೆ ಏನಾರಾ ಬರ್ದು ಅಂಟ್ಸಿದ್ರಾ?"

"ಊರ ತುಂಬಾ! ನಿನಗೆ ಹೇಗೆ ಗೊತ್ತು?"

"ಸುಮ್ಕೆ ಕೇಳ್ದೆ."

"ಯಾರು ಏನು ಮಾಡಿದರೂ ದೊರೆಗೆ ಚಾಡಿ ಹೇಳೋಕೆ ಜನ ಬೇರೆ."

ಮೂಲೆಯಲ್ಲಿದ್ದ ಅವ್ವ ಅಗಿಯುವುದನ್ನು ನಿಲ್ಲಿಸಿದಳು. "ನನ್ನ ಯಾಕ್ಲಾ ನೋಡ್ತೀಯ? ಗಂಟೆ ಹೊಡದ್ರೂ ಅವ್ಳು ಎದ್ದಿರ್ಲಿಲ್ಲ ಅಂತ ಒಂದ್ ಮಾತು ಅಂದೆ, ಅಷ್ಟೇ ಕಣ್ಲಾ!"

"ದೊರೆ ಏನಂತಿದ್ದ?" ಎಂದಳು ಗಂಗಮ್ಮ.

"ಎಲ್ಲಾ ನಿಮ್ಮ ಒಳ್ಳೇದಕ್ಕೇ ಅಂತ..." ನನ್ನ ದನಿ ಇಳಿಯಿತು. ಬೆಳಗ್ಗೆ ಇದೇ ಮಾತನ್ನು ನಾನೇ ಆಡಿದ್ದೆ. ನನ್ನ ಅಂಗಿ ನೋಡಿಕೊಂಡೆ. ಅವಳ ರವಿಕೆ ನೋಡಿದೆ. ಪರದೆಯನ್ನು ನೋಡುವ ಧೈರ್ಯವಾಗಲಿಲ್ಲ.

"ಕೊನೀಗೇನಾಯ್ತು?"

"ಒಬ್ಬಳು ಗೋಡೆ ಹಾರಿ ಓಡಿಹೋದಳು. ಟೆಂಟೆಲ್ಲಾ ಚಪ್ಪಾಳೆ."

"ನೀವೂ ತಟ್ಟಿದ್ರಾ?"

"ನಾನೇ ಮೊದಲು ತಟ್ಟಿದ್ದು."

ಗಂಗಮ್ಮ ಮೊರ ಕೆಳಗಿಟ್ಟಳು. "ಅಂಗಾದ್ರೆ ಗ್ವಾಡೆ ಯಾಕೆ ಹಾರ್ಲಿ? ಬಾಗ್ಲಾಗೇ ಹೋಯ್ತೀನಿ ಬುಡಿ. ನಾಳೆ ಕೊಳಾಲದ ಕಡೀಗೆ ಗಾಡಿ ಐತೆ."

ಮಾರನೆಯ ದಿನ ಪೆಟ್ಟಿಗೆಯ ತಳದಲ್ಲಿದ್ದ ತವರಿನ ಕೆಂಪು ರವಿಕೆ ತೊಟ್ಟು ಗಾಡಿ ಹತ್ತಿದಳು. ಚಪ್ಪಾಳೆ ತಟ್ಟಿದವನು ಬೇಡವೆನ್ನುವುದು ಹೇಗೆ? ಇವತ್ತು ಸುದ್ದಿ ಬಂತು: ಹೆಣ್ಣು ಮಗು, ತಾಯಿ ಮಗು ಕ್ಷೇಮ, ಗಂಗಮ್ಮ ಇನ್ನೂ ಹದಿನೈದು ದಿನ ಬರುವುದಿಲ್ಲ.

ಸಂಜೆಗೆ ಗಂಟುಗಂಟಾದ ಮುದ್ದೆ, ಉಪ್ಪು ಮರೆತ ಅವರೆಕಾಳು ಸಾರು ಉಂಡೆವು. ಮೊದಲು ಮಲಗಿದವಳು ಅವ್ವ. ಅಭ್ಯಾಸಬಲದಿಂದ ಮಲಗುವ ಗಂಟೆ ಬಾರಿಸಲು ಕಂಬಿಯ ಹತ್ತಿರ ಹೋದೆ. ಕಂಬಳಿಯೊಳಗಿಂದ ಒಂದು ಕಣ್ಣು ತೆರೆಯಿತು. "ಹೊಡಿ, ಹೊಡಿ. ಗಂಗಿ ಬರ್ಲಿ, ಹೇಳ್ತೀನಿ" ಎಂದಳು. ನಾನು ಸದ್ದಿಲ್ಲದೆ ಹೋಗಿ ಮಲಗಿದೆ.